ಅಜ್ಜಿಯರ ಅದಲುಬದಲು

ಮಾರ್ಚ್ 6, ಗುರುವಾರ. ಯಾಕಿಮಾ.

ಶನಿವಾರ ಶನಿವಾರ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರ ಇಂಗ್ಲಿಷನ್ನು ಸ್ಪ್ಯಾನಿಷ್‌ನಲ್ಲಿ ತಿಳಿಸಿ ಹೇಳಿದ್ದು ಹೈಸ್ಕೂಲಿನಲ್ಲಿ ನಾನು ಆರಿಸಿಕೊಂಡಿರುವ ವಿಶೇಷ ಡಿಪ್ಲೊಮಾಕ್ಕೆ ಬೇಕಾದ ಸಮಾಜಸೇವೆಯ ಲೆಕ್ಕಕ್ಕೆ ಬರುವುದಿಲ್ಲವಂತೆ.

"ಮನೆಯವರಿಗೆ ಮಾಡಿದ್ದು ಸೇವೆ ಅಲ್ಲಮ್ಮ. ಕಷ್ಟ ಆದ್ರೆ ಡಿಪ್ಲೊಮಾ ಬಿಟ್ಬಿಡು, ಮಾಮೂಲಿ ಹೈಸ್ಕೂಲ್ ಮುಗಿಸು," ಎಂದು ಶಾಲೆಯಲ್ಲಿ ಡಿಪ್ಲೊಮಾ ನೋಡಿಕೊಳ್ಳುವ ಮಿಸೆಸ್ ಲಿಂಡ್‌ಕ್ವಿಸ್ಟ್ ಅದನ್ನು ಬಿಡುವ ಅರ್ಜಿಯನ್ನೂ ಕೈಗಿತ್ತರು.

ಅದಕ್ಕೆಂದೇ ನಾಲ್ಕು ಸಾವಿರ ಪದಗಳ ಪ್ರಬಂಧ ಬರೆದು ಮುಗಿಸಿದವಳು ನಾನು. ಇಷ್ಟಕ್ಕೆ ಬಿಡುತ್ತೇನೆಯೇ?

ನನ್ನ ಕ್ಲಾಸಿನ ಯೆಸೆನಿಯಾಳದೂ ಇದೇ ಗೋಳು. ಬಸ್ಸಿನಲ್ಲೇ ತೀರ್ಮಾನವಾಯಿತು: ಇನ್ನು ಮೇಲೆ ಅವಳ ಅಜ್ಜಿಯನ್ನು ನಾನು ಕರೆದೊಯ್ಯುವುದು, ನನ್ನ ಅಜ್ಜಿಯನ್ನು ಅವಳು. ಅದೇ ಆಸ್ಪತ್ರೆ, ಅದೇ ಬೆಂಚು. ಈಗ ಅದು ಸೇವೆ.

ನನ್ನ ಅಜ್ಜಿಯದು ಒಂದೇ ಷರತ್ತು: "ಆ ಹುಡುಗಿ ಮುಂದೆ ನನ್ನ ತೂಕ ನೋಡ್ಬಾರ್ದು."

ಬಿಡುವ ಅರ್ಜಿಯ ಹಿಂಬದಿ ಖಾಲಿಯಿತ್ತು. ಅಜ್ಜಿಯ ಮಾತ್ರೆಗಳ ಹೆಸರನ್ನೆಲ್ಲ ಯೆಸೆನಿಯಾಗಾಗಿ ಅದರಲ್ಲೇ ಬರೆದಿಟ್ಟೆ.