ಅಗಲದ ಟೈರು

ಲೈಮಾ, ಓಹಾಯೊ

ಕೆಂಡ್ರಾ,

ನಿನ್ನ ವಿಳಾಸ ನನಗೆ ಗೊತ್ತಿಲ್ಲ. ಆದರೂ ಹೇಳುತ್ತೇನೆ, ನಮ್ಮ ಕೆಂಪು ಶೆವಿ ಕಾರಿಗೆ ಕೊನೆಗೂ ಅಗಲದ ಟೈರು ಹಾಕಿಸಿದೆ. ಹಿಂದಿನ ಚಕ್ರದ ಗೂಡನ್ನು ಒಳಕ್ಕೆ ಕೊಯ್ಯದೆ ಅವು ಕೂರುವುದಿಲ್ಲ, ಕೊಯ್ದರೆ ಹಿಂದಿನ ಸೀಟು ಉಳಿಯುವುದಿಲ್ಲ. ನೀನು ಮನೆ ಬಿಟ್ಟ ಮೇಲೂ ಮೆಕ್ಯಾನಿಕ್ ಡೆಲ್ಮರ್ ಕೇಳಿದಾಗಲೆಲ್ಲ, "ಬೇಡ ಮಾರಾಯ, ಮಗಳು ಬಂದ್ರೆ ಎಲ್ಲಿ ಕೂರ್ತಾಳೆ?" ಎನ್ನುತ್ತಿದ್ದೆ.

"ಅವಳಿಗೀಗ ಮೂವತ್ತು ದಾಟಿರ್ಬೇಕು ಕಣಯ್ಯಾ, ಮುಂದೆ ಕೂರ್ತಾಳೆ ಬಿಡು" ಎಂದು ನಗುತ್ತಿದ್ದ.

ಈ ಸಲ ನಾನೇ ಹೋಗಿ, "ಕೊಯ್ದುಬಿಡು" ಎಂದೆ. ಅವನು ನಗಲಿಲ್ಲ.

"ಏನಾದ್ರೂ ಸುದ್ದಿ ಬಂತಾ?"

"ಬಂದಿದ್ರೆ ಕೊಯ್ಸ್ತಿದ್ನಾ?"

ಇವತ್ತು ಜೋಳದ ಗೋದಾಮಿನ ಹಿಂದಿನ ಖಾಲಿ ರಸ್ತೆಗೆ ಒಯ್ದೆ. ನೀನು ಚಿಕ್ಕವಳಿದ್ದಾಗ ಅಲ್ಲಿ ನಾನು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತಿತ್ತು, ನೀನು ಹಿಂದಿನ ಸೀಟಿನಿಂದ, "ಅಪ್ಪಾ, ಹೊಗೆ ಬಂತು, ಕಾರು ಬರ್ಲಿಲ್ಲ!" ಎಂದು ಕೂಗುತ್ತಿದ್ದೆ. ಇವತ್ತು ಒಂದಿಷ್ಟೂ ಜಾರಲಿಲ್ಲ. ನೆಲವನ್ನು ಕಚ್ಚಿ ಹಿಡಿದು ನೇರ ಹೋಯಿತು. ನಾನು ಬಯಸಿದ್ದು ಇದನ್ನೇ. ರಸ್ತೆಯ ಕೊನೆಯಲ್ಲಿ ನಿಲ್ಲಿಸಿ, ತಿರುಗಿ ನೋಡದೆ ಮನೆಗೆ ಬಂದೆ.

ಸೀಟನ್ನು ಡೆಲ್ಮರ್ ಎಸೆದಿರಲಿಲ್ಲ. ತಂದು ಗ್ಯಾರೇಜಿನಲ್ಲಿ ಹಾಕಿದ್ದೇನೆ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ, ನೀನು ಕೂರುತ್ತಿದ್ದ ಬದಿಯನ್ನು ಬಿಟ್ಟು.

ಅಪ್ಪ