ಕೆಮ್ಮಿನ ರಜೆ

ರೇಡಿಯೊ ನಿಲಯದ ನಿರ್ದೇಶಕರಿಗೆ ನಮಸ್ಕಾರ.

ಗಂಟಲು ಪೂರ್ತಿ ಕಟ್ಟಿಕೊಂಡಿದ್ದರಿಂದ ನಿನ್ನೆ ಕೆಲಸಕ್ಕೆ ಬರಲಾಗಲಿಲ್ಲ. ದಯವಿಟ್ಟು ಒಂದು ದಿನದ ರಜೆ ಕೊಡಿ.

ಜೊತೆಗೆ ಒಂದು ಮಾತು ಕೇಳಬೇಕಿತ್ತು. ಕಳೆದ ತಿಂಗಳು ನೀವು ನನ್ನನ್ನು ಸ್ಟುಡಿಯೊದಲ್ಲಿ ಕೂರಿಸಿ, ತಲೆಬುಡವಿಲ್ಲದ ವಾಕ್ಯಗಳನ್ನು ಒಮ್ಮೆ ನಗುತ್ತ, ಒಮ್ಮೆ ಗಂಭೀರವಾಗಿ ಓದಿಸಿದಿರಿ. ಯಾಕೆ ಎಂದು ಕೇಳಿದ್ದಕ್ಕೆ, "ಮೈಕ್ ಪರೀಕ್ಷೆ ಕಣಮ್ಮಾ" ಅಂದಿರಿ. ಮೈಕ್ ಪರೀಕ್ಷೆಗೆ ನನ್ನ ನಗು ಯಾಕೆ ಬೇಕಿತ್ತು ಸರ್? ಅಂದಿನಿಂದ ನಮ್ಮ ಧ್ವನಿಮುದ್ರಣದವರು ನನಗೆ ಮುಖ ಕೊಟ್ಟು ಮಾತಾಡುತ್ತಿಲ್ಲ.

ನಿನ್ನೆ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಕೆಮ್ಮುತ್ತಿದ್ದೆ. ಅಡುಗೆಮನೆಯ ರೇಡಿಯೊದಲ್ಲಿ ನನ್ನದೇ ಧ್ವನಿ ಕೇಳುಗರಿಗೆ ಶುಭೋದಯ ಹೇಳಿತು. ನಿನ್ನೆಯದೇ ದಿನಾಂಕ, ನಿನ್ನೆಯದೇ ಹವಾಮಾನ. ಹಳೆಯ ಮುದ್ರಣ ಎನ್ನುವಂತಿಲ್ಲ. ಉದ್ದುದ್ದ ವಾಕ್ಯಗಳ ನಡುವೆ ಅದು ಮನುಷ್ಯರ ಹಾಗೆ ಒಮ್ಮೆಯೂ ಉಸಿರೆಳೆದುಕೊಳ್ಳಲಿಲ್ಲ.

ಹೇಗೂ ನಾನು ಕೆಲಸಕ್ಕೆ ಬಂದಿದ್ದೆ ಎಂದು ಊರೇ ಸಾಕ್ಷಿ ಹೇಳುತ್ತದೆ. ಹಾಗಾದರೆ ಈ ರಜೆಯನ್ನು ಯಾರ ಲೆಕ್ಕಕ್ಕೆ ಹಾಕುತ್ತೀರಿ?

ಇವತ್ತು ಹೇಗೂ ನನ್ನ ವಾರದ ರಜೆ; ಗಂಟಲು ಹೇಗೇ ಇರಲಿ, ನಾಳೆ ಬರುತ್ತೇನೆ. ನನ್ನ ಕುರ್ಚಿ ಇದ್ದಲ್ಲೇ ಇರಲಿ. ಮನೆಯಲ್ಲಿ ಮಲಗುವ ಹಾಗೂ ಇಲ್ಲ. ನಿನ್ನೆ ನಾನು ಮತ್ತೊಮ್ಮೆ ಕೆಮ್ಮಿದಾಗ ಅಮ್ಮ ರೇಡಿಯೊ ಜೋರು ಮಾಡಿ, "ಸ್ವಲ್ಪ ತಡ್ಕೊಳೇ, ನೀನು ಮಾತಾಡ್ತಿದ್ದೀಯ" ಅಂದಳು.

ಇಂತಿ,
ನಿಮ್ಮ ಬೆಳಗಿನ ಉದ್ಘೋಷಕಿ,
ಕೆಮ್ಮುತ್ತಿರುವವಳು