ಎರಡು ಮುಖದ ಮನೆ

ಸೋಮವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ಮೂರು ವರ್ಷದ ಮೇಲೆ ನಿನ್ನ ಕೈಬರಹ ನೋಡಿ ಕಣ್ಣು ತಂಪಾಯಿತು. ನಿಮ್ಮ ಬೀದಿಗೆ ಕೊನೆಗೂ ಡಾಂಬರು ಬರುತ್ತಿದೆ. ಅರ್ಧ ಖರ್ಚು ನಗರಸಭೆಯದು, ಉಳಿದರ್ಧ ಬೀದಿಯ ಮನೆಗಳದ್ದು. ಯಾರ ಮನೆಯ ಮುಖ ಎಷ್ಟು ಅಗಲವೋ ಅಷ್ಟು ಪಾಲು. ಮೂಲೆ ಮನೆಗೆ ಎರಡು ಮುಖ, ಎರಡಕ್ಕೂ ಕಟ್ಟಬೇಕು. ಅಪ್ಪ ಹೋದಮೇಲೆ ಆ ಮನೆ ನನಗೇ ಬೇಕು, ಎರಡೂ ಕಡೆಯಿಂದ ಗಾಳಿ ಬರುತ್ತದೆ ಎಂದು ಹಟ ಹಿಡಿದವಳು ನೀನೇ. ಆ ಗಾಳಿಗೆ ಈಗ ಬಿಲ್ ಬಂದಿದೆ, ಅಷ್ಟೆ.

ನೀನು ಕೇಳಿದ ನಿಯಮ ನಿಜ. ಎಪ್ಪತ್ತು ದಾಟಿದವರು ಮನೆಯಲ್ಲಿ ವಾಸವಿದ್ದರೆ ಒಂದು ಮುಖ ಮಾಫಿ. ನಗರಸಭೆಯ ಅದೇ ವಿಭಾಗದಲ್ಲಿ ಕೂತು ಬಂದವರಿಗೆಲ್ಲ ಇದನ್ನೇ ಹೇಳಿ ನನ್ನ ಗಂಟಲು ಒಣಗಿದೆ. ನಿಯಮ ಕೇಳಿದ ಮರುಸಾಲಿನಲ್ಲೇ ನಿನಗೆ ಅಮ್ಮನ ನೆನಪು ಉಕ್ಕಿ ಬಂತಲ್ಲ, ಓದಿ ನಕ್ಕುಬಿಟ್ಟೆ. ಕೆಮ್ಮಿನಿಂದ ಮಕ್ಕಳ ನಿದ್ದೆ ಕೆಡುತ್ತದೆ ಎಂದು ಟ್ಯಾಕ್ಸಿ ಹತ್ತಿಸಿ ನನ್ನ ಮನೆಗೆ ಕಳಿಸಿದ್ದು ಇದೇ ಅಮ್ಮನನ್ನು.

ಅವಳ ಕಣ್ಣು ಪೂರ್ತಿ ಮಂಜಾಗಿದೆ. ನಿನ್ನ ಪತ್ರವನ್ನು ನಾನೇ ಓದಿ ಹೇಳಿದೆ: ಮೂಲೆ ಕೋಣೆಗೆ ಬಣ್ಣ ಹೊಡೆಸಿದ್ದೀಯಂತೆ, ಅಜ್ಜಿ ಯಾವಾಗ ಬರುತ್ತಾಳೆ ಎಂದು ಮಕ್ಕಳು ನಿನ್ನ ಪ್ರಾಣ ತಿನ್ನುತ್ತಿದ್ದಾರಂತೆ. ಅದರಲ್ಲಿ ಒಂದಕ್ಷರವೂ ನಿನ್ನದಲ್ಲ. ಆದರೂ ಆ ರಾತ್ರಿ ಅಮ್ಮನಿಗೆ ಕೆಮ್ಮೇ ಬರಲಿಲ್ಲ. ದೊಡ್ಡವಳ ಮನಸ್ಸು ಬೆಣ್ಣೆ, ನಂಗೆ ಮೊದಲೇ ಗೊತ್ತಿತ್ತು ಅಂದಳು. ಇಷ್ಟು ದಿನ ಬೆನ್ನು ಉಜ್ಜಿದವಳು ನಾನು, ಬೆಣ್ಣೆ ಮಾತ್ರ ನೀನು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈಗ ಚೀಲ ತುಂಬಿಕೊಂಡು ಬಾಗಿಲಲ್ಲೇ ಕೂತಿದ್ದಾಳೆ. ಟ್ಯಾಕ್ಸಿಯವನಿಗೆ ನಿನ್ನ ವಿಳಾಸ ಕೊಟ್ಟಿದ್ದೇನೆ. ಚೆನ್ನಾಗಿ ನೋಡಿಕೋ.

ಬೆಣ್ಣೆಯಲ್ಲದ,
ನಿನ್ನ ತಂಗಿ

ತಾ.ಕ.: ನಿನ್ನ ಪತ್ರ ಸಿಕ್ಕಿದ ಮರುದಿನವೇ ನಿಮ್ಮ ಬೀದಿಯ ಅಳತೆ ಮುಗಿಸಿದೆ. ಟೇಪು ಹಿಡಿದು ಬಂದವಳು ನಾನೇ, ನೀನು ಮನೆಯಲ್ಲಿರಲಿಲ್ಲ. ಎರಡು ಮುಖ, ಹಿರಿಯರು ಯಾರೂ ವಾಸವಿಲ್ಲ ಎಂದು ಬರೆದು ಸಹಿ ಹಾಕಿದೆ. ಇನ್ನು ತಿದ್ದುವ ಹಾಗಿಲ್ಲ. ಅಮ್ಮನನ್ನು ವಾಪಸು ಕಳಿಸಬೇಡ, ಅವಳ ಕೋಣೆಯನ್ನು ಬಾಡಿಗೆಗೆ ಕೊಟ್ಟಾಗಿದೆ. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಬಂದು ಕೂತ ತಕ್ಷಣ, ತಂಗಿ ಏನು ಬರೆದಿದ್ದಾಳೆ ಓದು ಅನ್ನುತ್ತಾಳೆ. ಜೋರಾಗಿ ಓದು. ನಾನು ನಿನ್ನದನ್ನು ಓದಿದ ಹಾಗೆ.